ಆಸಿಡ್ ಟ್ಯಾಂಕಿನ ಕೆಲಸದಿಂದ ಗಂಟಲು ಕ್ಯಾನ್ಸರ್ ಬರುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮಣ್ಣ ಪೀಣ್ಯದ ಒಂದು ಅನೋಡೈಸಿಂಗ್ (ಅಲ್ಯೂಮಿನಿಯಂ ಮೇಲೆ ಕರೆಂಟಿನಿಂದ ಗಟ್ಟಿ ಪದರ ತರುವ) ಶಾಪಿನಲ್ಲಿ ಹದಿನೈದು ವರ್ಷದಿಂದ ಟ್ಯಾಂಕ್ ನೋಡಿಕೊಳ್ಳುತ್ತಾನೆ. ಒಂದೂವರೆ ತಿಂಗಳಿಂದ ಗಂಟಲು ಕಟ್ಟಿದೆ, ದನಿ ಗೊರಗೊರ. ಧೂಳಿಗೆ ಹೀಗಾಗಿದೆ ಅಂತ ಸಿರಪ್ ಕುಡಿಯುತ್ತಿದ್ದಾನೆ. ದಿನಕ್ಕೊಂದು ಕಟ್ಟು ಬೀಡಿಯೂ ಇದೆ. ಕೆಲಸದಿಂದಲೂ ಕ್ಯಾನ್ಸರ್ ಬರುತ್ತಾ?

ಉತ್ತರ (ಇಎನ್‌ಟಿ ಡಾಕ್ಟರ್): ಬರಬಹುದಮ್ಮ. ಅನೋಡೈಸಿಂಗ್ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಇರುವುದು ಸಲ್ಫ್ಯೂರಿಕ್ ಆಸಿಡ್. ಕರೆಂಟ್ ಹರಿದಾಗ ಗುಳ್ಳೆ ಎದ್ದು ಮೇಲೆ ಬಂದು ಒಡೆಯುತ್ತವೆ. ಒಡೆದಾಗ ಆಸಿಡ್ಡಿನ ಸಣ್ಣ ಹನಿ ಗಾಳಿಗೆ ಹಾರುತ್ತವೆ. ಉಸಿರಿನ ಜೊತೆ ಅವು ಧ್ವನಿಪೆಟ್ಟಿಗೆಗೆ ತಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1992ರಲ್ಲೇ ಇಂಥ ಆಸಿಡ್ ಮಂಜು ಕ್ಯಾನ್ಸರ್ ತರುತ್ತದೆ ಎಂದು ಹೇಳಿದೆ. ಆಸ್ಬೆಸ್ಟಾಸ್ ನಾರೂ ಧ್ವನಿಪೆಟ್ಟಿಗೆಗೆ ಅಪಾಯವೇ.

ಹಾಗಂತ ಬೀಡಿಯ ಪಾತ್ರ ಮರೆಯಬೇಡಿ, ದೊಡ್ಡ ಕಾರಣ ಅದೇ. ಜೊತೆಗೆ ಕುಡಿತವೂ ಇದ್ದರೆ ಅಪಾಯ ಇನ್ನೂ ಎಷ್ಟೋ ಜಾಸ್ತಿ. ಆದರೆ ನಮ್ಮ ಡಾಕ್ಟರುಗಳು ಬೀಡಿ ಕೇಳುತ್ತಾರೆ, ಟ್ಯಾಂಕ್ ಕೇಳುವುದಿಲ್ಲ. ಟ್ಯಾಂಕಿನ ಕೆಲಸದ ವಿಷಯ ನೀವೇ ಅವರಿಗೆ ಹೇಳಿ.

ಮೂರು ವಾರ ದಾಟಿದ ಗೊರಗೊರ ದನಿಗೆ ಸಿರಪ್ ಸಾಕಾಗುವುದಿಲ್ಲ. ಗಂಟಲೊಳಗೆ ನೋಡಲೇಬೇಕು. ತುಂಬಾ ಸಲ ಬೇರೇನೋ ಸಣ್ಣ ಕಾರಣವೇ ಸಿಗುತ್ತದೆ. ಕ್ಯಾನ್ಸರೇ ಆಗಿದ್ದರೂ, ಧ್ವನಿತಂತುವಿನಲ್ಲಿ ಶುರುವಾದದ್ದು ದನಿ ಕೆಡಿಸಿ ಬೇಗ ಸಿಕ್ಕಿಬೀಳುತ್ತದೆ. ಆಗ ಗುಣವಾಗುವ ಅವಕಾಶ ಚೆನ್ನಾಗಿರುತ್ತದೆ.

ಇನ್ನೊಬ್ಬರು: ಸಾರ್, ನಾನು ಮರಗೆಲಸದವನು. ಹೊಟ್ಟು, ಪಾಲಿಶ್ ಧೂಳು ದಿನವೂ ಮೂಗಿಗೆ ಹೋಗುತ್ತೆ. ನಂದೂ ಗಂಟಲಿಗೇ ಬರುತ್ತಾ?

ಉತ್ತರ: ಮರದ ಧೂಳಿನ ಕಾಟ ಹೆಚ್ಚಾಗಿ ಮೂಗು, ಸೈನಸ್ ಕಡೆಗೆ. ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ, ರಕ್ತ ಬಂದರೆ ತೋರಿಸಿ.

ಪ್ರಶ್ನೆ ಕೇಳಿದವರು: ಅಣ್ಣ ಮುಖಕ್ಕೆ ಕರ್ಚೀಫ್ ಕಟ್ಟಿಕೊಳ್ಳುತ್ತಾನೆ, ಸಾಕಲ್ವಾ?

ಉತ್ತರ: ಕರ್ಚೀಫ್ ಸುಮ್ನೆ ಸಮಾಧಾನಕ್ಕೆ, ಅಷ್ಟೇ. ಟ್ಯಾಂಕಿನ ಅಂಚಿನಲ್ಲೇ ಮಂಜು ಎಳೆದುಕೊಳ್ಳುವ ಎಕ್ಸಾಸ್ಟ್ ಇರಬೇಕು. ಅದು ಮಾಲೀಕರ ಜವಾಬ್ದಾರಿ. ಅದರ ಮೇಲೆ ಆಸಿಡ್ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್. ಕಾರ್ಟ್ರಿಜ್ ಆಗಾಗ ಬದಲಿಸದಿದ್ದರೆ ಅದೂ ದಂಡ.

ಪ್ರಶ್ನೆ ಕೇಳಿದವರು: ರಜೆ ಹಾಕಿದ್ರೆ ಸಂಬಳ ಕಟ್ ಅಂತ ಹಟ ಹಿಡಿದಿದ್ದಾನೆ.

ಉತ್ತರ: ಸೆಕೆಂಡ್ ಶಿಫ್ಟ್ ಇರುವ ದಿನ ಬೆಳಿಗ್ಗೆ ಕರೆದುಕೊಂಡು ಹೋಗಿ. ಇಎಸ್‌ಐ ಕಾರ್ಡ್ ಇದ್ದರೆ ಮೊದಲು ನಿಮ್ಮ ಡಿಸ್ಪೆನ್ಸರಿಗೆ ಹೋಗಿ, ಇಎನ್‌ಟಿಗೆ ಬರೆದುಕೊಡಿ ಅಂತ ಕೇಳಿ. ಮೂಗಿನಿಂದ ತೆಳು ಕ್ಯಾಮೆರಾ ಇಳಿಸಿ ನೋಡುತ್ತಾರೆ, ಕೆಲವೇ ನಿಮಿಷ. ಏನಾದರೂ ಕಂಡರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.