16 ಬಿಟ್‌ಗೆ ಬದಲಾಯಿಸಿದರೂ ಆಕಾಶದಲ್ಲಿ ಪಟ್ಟಿ ಹೋಗಲಿಲ್ಲ, ಯಾಕೆ?

ಪ್ರಶ್ನೆ: ಲೆಕ್ಕದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. 28 ವರ್ಷ ಗಣಿತ ಪಾಠ ಮಾಡಿ ನಿವೃತ್ತನಾದವನು ನಾನು. ಕ್ಯಾಮೆರಾ ಹಿಡಿದು ಎರಡು ವರ್ಷ ಆಯಿತು. ಇಲ್ಲಿ ಬರೆಯುವುದು ಇದೇ ಮೊದಲು. ತಪ್ಪು ಕೇಳಿದರೆ ತಿದ್ದಿ, ನಾನೂ ಬೇಕಾದಷ್ಟು ಜನರನ್ನು ತಿದ್ದಿದ್ದೇನೆ.

ಮೊನ್ನೆ ಸೂರ್ಯ ಮುಳುಗಿದ ಮೇಲೆ ಒಂದು ಫೋಟೋ ತೆಗೆದೆ. ಕೆಳಗೆ ಒಂದೇ ಒಂದು ಒಣ ಮರ, ಉಳಿದದ್ದೆಲ್ಲ ಆಕಾಶ. ಕಿತ್ತಳೆ ಎಲ್ಲಿ ಮುಗಿಯಿತು, ನೀಲಿ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗದಷ್ಟು ನಯವಾಗಿತ್ತು. ಫೋಟೋಶಾಪ್‌ನಲ್ಲಿ ತೆರೆದೆ. ಬೆಳಕು ನೆರಳು ತಿದ್ದುವ ಕರ್ವ್ಸ್ ಹಿಡಿದು ಆಕಾಶವನ್ನು ಸ್ವಲ್ಪ ಗಾಢ ಮಾಡಿದೆ, ಕಾಂಟ್ರಾಸ್ಟ್ ಏರಿಸಿದೆ. ಅಷ್ಟೇ ಮಾಡಿದ್ದು. ಆಕಾಶದ ತುಂಬ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿಗಳು ಎದ್ದವು. ಒಂದು ಕಡೆ ಗುಲಾಬಿ ಅಂಚು, ಇನ್ನೊಂದು ಕಡೆ ಹಸಿರು ಅಂಚು.

16 ಬಿಟ್ ಮಾಡಿದರೆ ಪಟ್ಟಿ ಹೋಗುತ್ತದೆ ಅಂತ ಎಲ್ಲೋ ಓದಿದ ನೆನಪು. ಮೋಡ್ ಬದಲಾಯಿಸಿದೆ. ಕೆಳಗೆ ತೋರಿಸುವ ಫೈಲ್ ಗಾತ್ರ ಎರಡರಷ್ಟಾಯಿತು. ಪಟ್ಟಿ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. 8 ಬಿಟ್‌ನಲ್ಲಿ ಕಪ್ಪಿನಿಂದ ಬಿಳಿಗೆ 256 ಹಂತ ಇದ್ದದ್ದು 16 ಬಿಟ್‌ನಲ್ಲಿ 65,536 ಆಯಿತು ಅಂದರೆ ಹೊಸದಾಗಿ ಬಂದ 65,280 ಹಂತಗಳು ಎಲ್ಲಿ ಹೋದವು ಸ್ವಾಮಿ?

ಇನ್ನೊಂದು ಗೊಂದಲ. ಕಂಪ್ಯೂಟರ್‌ನಲ್ಲಿ ಅದೇ ಫೈಲ್‌ನ ವಿವರ ತೆಗೆದರೆ ಬಿಟ್ ಡೆಪ್ತ್ 24 ಅನ್ನುತ್ತದೆ. ಕ್ಯಾಮೆರಾ ಮೆನುವಿನಲ್ಲಿ 14 ಇದೆ. ಫೋಟೋಶಾಪ್ 8 ಅನ್ನುತ್ತದೆ. ಮೂರರಲ್ಲಿ ಸುಳ್ಳು ಹೇಳುತ್ತಿರುವುದು ಯಾರು?

ಉತ್ತರ: ಕತ್ತಲಕೋಣೆ

ಮೇಷ್ಟ್ರೇ, ಮೂರೂ ನಿಜವನ್ನೇ ಹೇಳುತ್ತಿವೆ. ಎಣಿಸುವ ರೀತಿ ಬೇರೆ ಬೇರೆ, ಅಷ್ಟೇ.

ಫೋಟೋಶಾಪ್ ಹೇಳುವ 8 ಒಂದು ಚಾನೆಲ್‌ನದು, ಅಂದರೆ ಒಂದು ಮೂಲ ಬಣ್ಣದ್ದು. ಕೆಂಪು, ಹಸಿರು, ನೀಲಿ ಮೂರನ್ನೂ ಕೂಡಿಸಿದರೆ ಒಂದು ಪಿಕ್ಸೆಲ್‌ಗೆ 24. ಕಂಪ್ಯೂಟರ್ ಆ ಮೊತ್ತ ಹೇಳುತ್ತಿದೆ. ಒಂದು ಕೋಟಿ 67 ಲಕ್ಷ ಬಣ್ಣ ಅಂತ ಹೇಳುತ್ತಾರಲ್ಲ, ಅದು 256ರ ಘನ. ಕ್ಯಾಮೆರಾದ 14 ಮಾತ್ರ ರಾ ಫೈಲ್‌ನ, ಅಂದರೆ ಸೆನ್ಸರ್ ಅಳೆದದ್ದನ್ನು ಸಂಸ್ಕರಿಸದೆ ಇಡುವ ಫೈಲ್‌ನ ಮಾತು. ಸೆನ್ಸರ್‌ನ ಒಂದೊಂದು ಬಿಂದುವಿಗೂ 16,384 ಹಂತ. ನೀವು ಜೆಪೆಗ್‌ನಲ್ಲಿ ತೆಗೆದಿದ್ದರೆ ಆ 14 ನಿಮ್ಮ ಕೈಗೆ ಬಂದೇ ಇಲ್ಲ. ಕ್ಯಾಮೆರಾ ಒಳಗೇ 8ಕ್ಕೆ ಇಳಿಸಿ ಉಳಿದದ್ದನ್ನು ಎಸೆದಿದೆ. ಮಾಮೂಲಿ ಜೆಪೆಗ್ ಅಂದರೆ 8 ಬಿಟ್, ಬೇರೆ ದಾರಿ ಇಲ್ಲ.

ಈಗ ನಿಮ್ಮ 65,280. ಅವೆಲ್ಲ ಖಾಲಿ ಕುರ್ಚಿಗಳು. ಮೋಡ್ ಬದಲಾಯಿಸಿದಾಗ ಸಭಾಂಗಣ ದೊಡ್ಡದಾಯಿತು, ಜನ ಜಾಸ್ತಿ ಆಗಲಿಲ್ಲ. ಅದೇ 256 ಮಂದಿ ದೂರ ದೂರ ಕೂತಿದ್ದಾರೆ.

ಹಾಗಾದರೆ 16 ಬಿಟ್ ಯಾಕೆ ಬೇಕು? ನೀವು ಲೆಕ್ಕದವರು, ಲೆಕ್ಕದಲ್ಲೇ ನೋಡಿ. ಪಕ್ಕಪಕ್ಕದ ಎರಡು ಪಿಕ್ಸೆಲ್, ಬೆಲೆ 7 ಮತ್ತು 8. ಅರ್ಧಕ್ಕೆ ಇಳಿಸಿದರೆ 3.5 ಮತ್ತು 4. ಪಾಯಿಂಟ್ ಇಡಲು ಜಾಗ ಇಲ್ಲ, ಆದ್ದರಿಂದ 4 ಮತ್ತು 4. ಮತ್ತೆ ದುಪ್ಪಟ್ಟು ಮಾಡಿ: 8 ಮತ್ತು 8. 7 ಸತ್ತುಹೋಯಿತು. ಅದೇ ಎರಡು 16 ಬಿಟ್‌ನಲ್ಲಿ 257 ಪಟ್ಟಾಗಿ (65,535 ಭಾಗಿಸು 255) 1799 ಮತ್ತು 2056. ಅರ್ಧ ಮಾಡಿದರೆ 900 ಮತ್ತು 1028. ದುಪ್ಪಟ್ಟು ಮಾಡಿದರೆ 1800 ಮತ್ತು 2056. ಒಂದು ಅಂಕಿ ಆಚೀಚೆ ಆಯಿತು, ಆದರೆ ಇಬ್ಬರೂ ಬದುಕಿದ್ದಾರೆ. ಕರ್ವ್ಸ್, ಲೆವೆಲ್ಸ್, ಮತ್ತೊಂದು ಕರ್ವ್ಸ್ ಅಂತ ಹತ್ತು ಸಲ ಹೀಗೆ ಮಾಡಿದರೆ 8 ಬಿಟ್‌ನಲ್ಲಿ ಎಷ್ಟು ಮಂದಿ ಸಾಯುತ್ತಾರೆ ಅಂತ ನೀವೇ ಯೋಚಿಸಿ.

ಕಣ್ಣಾರೆ ನೋಡಬೇಕಾ? ಹೊಸ 8 ಬಿಟ್ ಫೈಲ್‌ನಲ್ಲಿ ಕಪ್ಪಿನಿಂದ ಬಿಳಿಗೆ ಗ್ರೇಡಿಯೆಂಟ್ ಎಳೆಯಿರಿ. ಲೆವೆಲ್ಸ್‌ನಲ್ಲಿ ಔಟ್‌ಪುಟ್ 110ರಿಂದ 140ಕ್ಕೆ ಕುಗ್ಗಿಸಿ ಓಕೆ ಒತ್ತಿ. ಮತ್ತೆ ಲೆವೆಲ್ಸ್ ತೆರೆದು ಇನ್‌ಪುಟ್ 110, 140 ಕೊಟ್ಟು ಹಿಗ್ಗಿಸಿ. ಬರೀ 31 ಹಂತ ಉಳಿದಿರುತ್ತವೆ. ಯಾವ ಹಂತದಲ್ಲಿ ಎಷ್ಟು ಪಿಕ್ಸೆಲ್ ಅಂತ ತೋರಿಸುವ ಹಿಸ್ಟೋಗ್ರಾಂ ಹಲ್ಲು ಉದುರಿದ ಬಾಚಣಿಗೆ ಥರ ಕಾಣುತ್ತದೆ. ಇದನ್ನೇ 16 ಬಿಟ್ ಫೈಲ್‌ನಲ್ಲಿ ಮಾಡಿ, ಏನೂ ಆಗಿಲ್ಲ ಅನ್ನುವ ಹಾಗೆ ವಾಪಸ್ ಬರುತ್ತದೆ. (ಫೋಟೋಶಾಪ್‌ನ 16 ಬಿಟ್ ಪೂರ್ತಿ 16 ಅಲ್ಲ, ಒಳಗೆ 0ಯಿಂದ 32,768ರವರೆಗೆ ಎಣಿಸುತ್ತದೆ. ಅದರಿಂದ ಯಾರಿಗೂ ನಷ್ಟ ಇಲ್ಲ. ಮೇಷ್ಟ್ರು ಎಣಿಸಿ ಬೈದಾರು ಅಂತ ಹೇಳಿದೆ.)

ಒಂದು ಕೆಲಸ ಮಾಡಿ. ಮೂಲ ಫೋಟೋ ತೆರೆದು, ಇನ್ಫೋ ಪ್ಯಾನೆಲ್ ಇಟ್ಟುಕೊಂಡು, ಆಕಾಶದ ಮೇಲಿಂದ ಕೆಳಗೆ ಮೌಸ್ ಆಡಿಸಿ. ನೀಲಿ ಎಷ್ಟರಿಂದ ಎಷ್ಟಕ್ಕೆ ಹೋಗುತ್ತದೆ ಅಂತ ಬರೆಯಿರಿ.

ಉತ್ತರ: ಬೂದು ಕಾರ್ಡ್

ಅದಕ್ಕೂ ಮೊದಲು ಪಟ್ಟಿ ಫೋಟೋದಲ್ಲೇ ಇದೆಯಾ, ಮಾನಿಟರ್‌ನಲ್ಲಿ ಇದೆಯಾ ನೋಡಿಕೊಳ್ಳಿ. ಅಗ್ಗದ ಎಷ್ಟೋ ಪರದೆಗಳು ಒಳಗೆ 6 ಬಿಟ್ ಮಾತ್ರ. ಬೇಗ ಬೇಗ ಮಿನುಗಿಸಿ 8ರ ಹಾಗೆ ತೋರಿಸುತ್ತವೆ. ಒಂದು ವಾರ ಪೂರ್ತಿ ನಾನು ಇಲ್ಲದ ಪಟ್ಟಿಯನ್ನು ತಿದ್ದಿದವನು. ಜೂಮ್ 100 ಪರ್ಸೆಂಟ್ ಇಟ್ಟು ನೋಡಿ. ಇನ್ನೊಂದು ಪರದೆಯಲ್ಲೂ ನೋಡಿ. ಪಟ್ಟಿಯ ಎರಡೂ ಬದಿಯ ಅಂಕಿ ಇನ್ಫೋದಲ್ಲಿ ಒಂದೊಂದೇ ಏರುತ್ತಿದ್ದು ಕಣ್ಣಿಗೆ ಮಾತ್ರ ಮೆಟ್ಟಿಲು ಕಂಡರೆ, ಮೊದಲು ಪರದೆಯನ್ನೇ ಅನುಮಾನಿಸಿ.

ಉತ್ತರ: ಆಲ್ಬಂ ಅವಸರ

ನನ್ನದು ಸ್ವಲ್ಪ ತಕರಾರು. ಎಲ್ಲದಕ್ಕೂ 16 ಬಿಟ್ ಅಂತ ಹೊಸಬರನ್ನು ಹೆದರಿಸಬೇಡಿ. ನಾನು ಮದುವೆ ಆಲ್ಬಂ ಮಾಡುವವನು. 24 ಮೆಗಾಪಿಕ್ಸೆಲ್ ಫೋಟೋ 8 ಬಿಟ್‌ನಲ್ಲಿ ತೆರೆದರೆ 72 ಎಂಬಿ, 16ರಲ್ಲಿ 144. ಅದರ ಮೇಲೆ ನಾಲ್ಕು ಲೇಯರ್ ನಕಲು ಮಾಡಿದರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಫಿಲ್ಟರ್ ಗ್ಯಾಲರಿ 16ರಲ್ಲಿ ತೆರೆಯುವುದೇ ಇಲ್ಲ.

ನನ್ನ ದಾರಿ ಇದು. ಬೆಳಕು, ಬಣ್ಣ, ನೆರಳು ಎತ್ತುವುದು, ಈ ದೊಡ್ಡ ಎಳೆದಾಟವೆಲ್ಲ ರಾ ಕನ್ವರ್ಟರ್‌ನಲ್ಲೇ ಮುಗಿಸುತ್ತೇನೆ. ಅಲ್ಲಿ ಲೆಕ್ಕ ಹೇಗೂ ಜಾಸ್ತಿ ಬಿಟ್‌ನಲ್ಲೇ ನಡೆಯುತ್ತದೆ. ಆಮೇಲೆ 8 ಬಿಟ್‌ಗೆ ಇಳಿಸಿ ಮೊಡವೆ, ತಂತಿ, ಕಸ ಅಂತ ಸಣ್ಣಪುಟ್ಟದ್ದು ಒರೆಸುತ್ತೇನೆ. ಸೀರೆ, ಹೂವು, ಮುಖಗಳಲ್ಲಿ ಪಟ್ಟಿ ಕಂಡದ್ದು ನನಗೆ ನೆನಪಿಲ್ಲ. ಕಾಣುವುದು ಖಾಲಿ ಗೋಡೆ, ಸ್ಟುಡಿಯೋ ಪರದೆ, ಆಕಾಶ, ಇಷ್ಟರಲ್ಲೇ.

ಉತ್ತರ: ಕತ್ತಲಕೋಣೆ

ಆಲ್ಬಂ ಅವರು ಹೇಳಿದ್ದು ಸರಿ, ಜಗಳ ಇಲ್ಲ. ಸೀರೆಯ ನೇಯ್ಗೆ ಹಂತಗಳನ್ನು ಮುಚ್ಚಿಬಿಡುತ್ತದೆ. ನಾಯ್ಸ್, ಅಂದರೆ ಫೋಟೋದಲ್ಲಿ ಕಾಣುವ ಕಾಳು ಚುಕ್ಕೆಗಳು ಕೂಡ ಅದೇ ಕೆಲಸ ಮಾಡುತ್ತವೆ. ಕಡಿಮೆ ಬೆಳಕಿಗೆ ಅಂತ ಐಎಸ್ಒ 3200ಕ್ಕೆ ಏರಿಸಿ ತೆಗೆದ ಆಕಾಶದಲ್ಲಿ ಪಟ್ಟಿ ಕಾಣುವುದು ಅಪರೂಪ, ಕಾಳು ಕಾಳಾಗಿ ಅಂಚು ಕಲಸಿಹೋಗಿರುತ್ತದೆ. ನಾಯ್ಸ್ ರಿಡಕ್ಷನ್ ಪೂರ್ತಿ ಎಳೆದು ಆಕಾಶವನ್ನು ಗಾಜು ಮಾಡಿದಾಗಲೇ ಪಟ್ಟಿ ಹುಟ್ಟುವುದು. ನೋಡಿ, ಒಂದು ಕಾಯಿಲೆಗೆ ಕೊಟ್ಟ ಔಷಧಿಯಿಂದಲೇ ಇನ್ನೊಂದು.

ಉತ್ತರ: ಲೆಕ್ಕದ ಮೇಷ್ಟ್ರು

ಅಂಕಿ ತಂದಿದ್ದೇನೆ. ಪರದೆಯದ್ದಲ್ಲ, ಫೋಟೋದ್ದೇ ತಪ್ಪು. ಮಗಳ ಲ್ಯಾಪ್‌ಟಾಪ್‌ನಲ್ಲೂ ಪಟ್ಟಿ ಅದೇ ಜಾಗದಲ್ಲಿ ಇದೆ.

ಮೂಲದಲ್ಲಿ ಮೇಲಿನ 2,500 ಪಿಕ್ಸೆಲ್ ಎತ್ತರಕ್ಕೆ ನೀಲಿ 190ರಿಂದ 171ಕ್ಕೆ ಇಳಿಯುತ್ತದೆ. ಬರೀ 20 ಹಂತ! 256 ಇದೆ ಅಂತ ನಾನು ಬೀಗುತ್ತಿದ್ದೆ, ಆಕಾಶದ ಪಾಲಿಗೆ ಬಂದದ್ದು 20. ಅಂದರೆ ಒಂದೊಂದು ಹಂತ 125 ಪಿಕ್ಸೆಲ್ ಅಗಲದ ಪಟ್ಟಿ. ಪಟ್ಟಿ ಮೊದಲೇ ಇತ್ತು, ಅಲ್ವಾ? ಒಂದೇ ಅಂಕಿಯ ವ್ಯತ್ಯಾಸ ಕಣ್ಣಿಗೆ ಬೀಳುತ್ತಿರಲಿಲ್ಲ. ನಾನು ಕರ್ವ್ಸ್ ಎಳೆದ ಮೇಲೆ ಒಂದು ಹಂತದಿಂದ ಇನ್ನೊಂದಕ್ಕೆ 3 ಅಂಕಿ ಹಾರುತ್ತಿದೆ. ಕೆಂಪು ಬೇರೆ ಜಾಗದಲ್ಲಿ ಹಾರುತ್ತದೆ, ಹಸಿರು ಮತ್ತೊಂದು ಜಾಗದಲ್ಲಿ. ಗುಲಾಬಿ ಅಂಚು, ಹಸಿರು ಅಂಚು ಬಂದದ್ದು ಅದರಿಂದ ಅಂತ ಈಗ ಹೊಳೆಯಿತು.

ಬೇಸರದ ಸಂಗತಿ ಏನೆಂದರೆ ಈ ಫೋಟೋದ ರಾ ಇಲ್ಲ. ಕಾರ್ಡ್‌ನಲ್ಲಿ ಜಾಗ ಉಳಿಸಲು ಜೆಪೆಗ್ ಮಾತ್ರ ಇಟ್ಟಿದ್ದೆ. ಇದನ್ನು ಉಳಿಸಲು ಏನಾದರೂ ದಾರಿ ಇದೆಯಾ?

ಉತ್ತರ: ಕತ್ತಲಕೋಣೆ

ಇದೆ. ಇಲ್ಲೇ ನಿಮ್ಮ ಖಾಲಿ ಕುರ್ಚಿಗಳು ಕೆಲಸಕ್ಕೆ ಬರುವುದು. ಕರ್ವ್ಸ್ ಮಾಡಿದ ಫೈಲ್ ಬಿಡಿ, ಮೂಲ ಜೆಪೆಗ್ ತೆರೆದು ಮೊದಲು 16 ಬಿಟ್ ಮಾಡಿ. ಮರವನ್ನು ಬಿಟ್ಟು ಆಕಾಶ ಮಾತ್ರ ಸೆಲೆಕ್ಟ್ ಮಾಡಿ, ಬೇರೆ ಲೇಯರ್‌ಗೆ ತೆಗೆದುಕೊಳ್ಳಿ. ಅದಕ್ಕೆ ಗಾಸಿಯನ್ ಬ್ಲರ್, ಅಂದರೆ ಮಸುಕು ಮಾಡುವ ಫಿಲ್ಟರ್. ಪಟ್ಟಿ 125 ಪಿಕ್ಸೆಲ್ ಇದ್ದರೆ ರೇಡಿಯಸ್ 60ರಿಂದ ಶುರು ಮಾಡಿ ನೋಡಿ. 171ಕ್ಕೂ 172ಕ್ಕೂ ನಡುವಿನ ಬೆಲೆಗಳು ಈಗ ನಿಜವಾಗಿಯೂ ಹುಟ್ಟುತ್ತವೆ, ಕೂರಲು ಕುರ್ಚಿಯೂ ಇದೆ. 8 ಬಿಟ್‌ನಲ್ಲೇ ಬ್ಲರ್ ಮಾಡಿದ್ದರೆ ಆ ನಡುವಿನವರನ್ನು ಮತ್ತೆ 171ಕ್ಕೋ 172ಕ್ಕೋ ತಳ್ಳಿಬಿಡುತ್ತಿತ್ತು.

ಆಮೇಲೆ ಕರ್ವ್ಸ್. ಆಮೇಲೆ ಆಕಾಶಕ್ಕೆ ಒಂದು ಪರ್ಸೆಂಟ್ ನಾಯ್ಸ್. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ 8 ಬಿಟ್. ಜೆಪೆಗ್ ಗುಣಮಟ್ಟ ತೀರಾ ಇಳಿಸಬೇಡಿ. ಅದು ಚಿತ್ರವನ್ನು 8 ಗುಣಿಸು 8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು ಹಿಂಡುತ್ತದೆ, ಮೊದಲು ಬಲಿಯಾಗುವುದು ನೀವು ಹಾಕಿದ ನಾಯ್ಸ್. ಮರದ ಕೊಂಬೆಗಳ ಅಂಚಿನಲ್ಲಿ ಮಸುಕು ಪ್ರಭಾವಳಿ ಬರುತ್ತದೆ, ಮರವನ್ನು ಬ್ಲರ್‌ನಿಂದ ಮರೆಮಾಡುವ ಮಾಸ್ಕ್ ತಾಳ್ಮೆಯಿಂದ ಮಾಡಿ. ಕಷ್ಟದ ಕೆಲಸ ಅದೊಂದೇ.

ಉತ್ತರ: ಲೆಕ್ಕದ ಮೇಷ್ಟ್ರು

ಮೂರು ಸಂಜೆ ಹಿಡಿಯಿತು. ಎರಡು ಸಂಜೆ ಕೊಂಬೆಗಳಿಗೇ ಹೋಯಿತು. ಒಣ ಮರ ಅಂತ ಖುಷಿಪಟ್ಟು ತೆಗೆದಿದ್ದೆ, ಎಲೆ ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. 60 ಸಾಲಲಿಲ್ಲ, ರೇಡಿಯಸ್ 90 ಇಟ್ಟೆ. ನೀಲಿ ಈಗ ನಯವಾಗಿದೆ. ಕೆಳಗೆ ಕಿತ್ತಳೆಯ ಹತ್ತಿರ ಒಂದು ಪಟ್ಟಿ ಇನ್ನೂ ಇದೆ. ನಾನು ಬೆರಳಿಟ್ಟು ತೋರಿಸಿದರೂ ಮಗಳಿಗೆ ಕಾಣುವುದಿಲ್ಲವಂತೆ. ನನಗೆ ಮಾತ್ರ ಈಗ ಬೇರೇನೂ ಕಾಣುವುದಿಲ್ಲ.

ಕ್ಯಾಮೆರಾದಲ್ಲಿ ರಾ ಜೊತೆಗೆ ಜೆಪೆಗ್ ಇಟ್ಟಿದ್ದೇನೆ. ಮೆನುವಿನಲ್ಲಿ 12 ಬಿಟ್ ಕೂಡ ಇದೆ, ಫೈಲ್ ಚಿಕ್ಕದಾಗುತ್ತದಂತೆ. ಸಾಕಾ?

ಉತ್ತರ: ಕತ್ತಲಕೋಣೆ

ಮಾಮೂಲಿ ಫೋಟೋಗೆ 12 ಸಾಕು. ಕತ್ತಲಲ್ಲಿ ಮುಳುಗಿದ್ದನ್ನು ಎತ್ತುವ ಅಭ್ಯಾಸ ಇದ್ದರೆ 14 ಇಡಿ. ರಾದಲ್ಲಿ ಹಂತಗಳು ಸಮನಾಗಿ ಹಂಚಿಕೆಯಾಗುವುದಿಲ್ಲ. 14 ಬಿಟ್‌ನ 16,384ರಲ್ಲಿ ಅರ್ಧ, ಅಂದರೆ 8,192 ಹಂತ, ಅತಿ ಬೆಳಕಿನ ಒಂದೇ ಸ್ಟಾಪ್‌ಗೆ ಹೋಗುತ್ತವೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಮುಂದಿನ ಸ್ಟಾಪ್‌ಗೆ 4,096. ಹೀಗೆ ಅರ್ಧರ್ಧ ಆಗುತ್ತಾ ಆರನೆಯ ಸ್ಟಾಪ್‌ಗೆ ಬರುವಾಗ 256. 12 ಬಿಟ್ ಆದರೆ ಅದೇ ಜಾಗದಲ್ಲಿ 64. ನಿಮ್ಮ ಆಕಾಶ ಮೇಲಿನ ಸ್ಟಾಪ್‌ಗಳಲ್ಲಿ ಇರುವವರೆಗೆ ಚಿಂತೆ ಇಲ್ಲ, ಮರದ ಬುಡದ ನೆರಳು ಎತ್ತಲು ಹೋದಾಗ ನೆನಪಿಸಿಕೊಳ್ಳಿ.

ಆ ಕಿತ್ತಳೆ ಪಟ್ಟಿಯ ಮೇಲೆ ಮಾತ್ರ ಇನ್ನೊಂದು ಅರ್ಧ ಪರ್ಸೆಂಟ್ ನಾಯ್ಸ್ ಹಾಕಿ, ಪ್ರಿಂಟ್ ತೆಗೆದು ನೋಡಿ.