ಸದಾ ಪ್ರಯಾಣದ ಕೆಲಸ ಮಾಡುವ ಹೆಂಗಸರ ಋತುಚಕ್ರದ ಅಧ್ಯಯನ: ಪ್ರೋಟೋಕಾಲ್‌ನಲ್ಲಿ ಎಲ್ಲಿ ಎಡವುತ್ತಿದ್ದೇವೆ?

ಪ್ರಶ್ನೆ: ದತ್ತಾಂಶಪ್ರಿಯೆ

ವಿಮಾನದ ಕ್ಯಾಬಿನ್ ಸಿಬ್ಬಂದಿ, ಆಡಿಟರ್‌ಗಳು, ಸೇಲ್ಸ್‌ನವರು ಸೇರಿ 200 ಮಂದಿಯನ್ನು ಆರು ತಿಂಗಳು ಗಮನಿಸುವ ಯೋಜನೆ. ಪ್ರಯಾಣದಿಂದ ಚಕ್ರ ಉದ್ದವಾಗುತ್ತದೆಯೇ, ಗರ್ಭ ನಿಲ್ಲುವುದು ತಡವಾಗುತ್ತದೆಯೇ ಎಂದು ನೋಡಬೇಕು. ತಿಂಗಳಿಗೊಮ್ಮೆ ಪ್ರಶ್ನಾವಳಿ, ಆ ಚಕ್ರದಲ್ಲಿ ಒಂದಾದರೂ ಪ್ರಯಾಣವಿದ್ದರೆ ‘ಹೌದು’. ಪೈಲಟ್ (ಪೂರ್ವಪ್ರಯೋಗದ) ಹಂತದಲ್ಲಿ ‘ಹೌದು’ ಚಕ್ರಗಳೇ ಉದ್ದ ಬಂದಿವೆ. ಅಂಡ ಬಿಡುಗಡೆ ಹಿಡಿಯಲು ಬೆಳಗಿನ ಮೈಶಾಖ ಸಾಕೇ?

ಉತ್ತರ 1: ಸರಾಸರಿ ಸುಬ್ಬ

ಪೈಲಟ್ ಫಲಿತಾಂಶವನ್ನು ಸದ್ಯಕ್ಕೆ ನಂಬಬೇಡಿ ಮೇಡಂ. 24 ದಿನದ ಚಕ್ರಕ್ಕಿಂತ 38 ದಿನದ ಚಕ್ರದೊಳಗೆ ಒಂದು ಪ್ರಯಾಣ ಬಂದು ಬೀಳುವ ಸಾಧ್ಯತೆ ಹೇಗೂ ಹೆಚ್ಚು, 14 ದಿನ ಜಾಸ್ತಿ ಇದೆಯಲ್ಲ! ಪ್ರಯಾಣಕ್ಕೂ ಚಕ್ರಕ್ಕೂ ಯಾವ ನಂಟೂ ಇಲ್ಲದಿದ್ದರೂ ನಿಮ್ಮ ಕೋಷ್ಟಕದಲ್ಲಿ ನಂಟು ಕಾಣುತ್ತದೆ.

ಮುಟ್ಟಿನ ಮೊದಲ ದಿನದಿಂದ 10ನೇ ದಿನದವರೆಗಿನ ಪ್ರಯಾಣವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಆಗ ಎಲ್ಲ ಚಕ್ರಕ್ಕೂ ಕಿಟಕಿ (ಲೆಕ್ಕಕ್ಕೆ ಹಿಡಿಯುವ ಅವಧಿ) ಒಂದೇ ಅಳತೆ. ದೇಹದ ಲೆಕ್ಕಕ್ಕೂ ಇದು ಹೊಂದುತ್ತದೆ: ಚಕ್ರ ಹೆಚ್ಚುಕಮ್ಮಿಯಾಗುವುದು ಬಹುಪಾಲು ಅಂಡ ಬಿಡುಗಡೆಗೆ ಮುಂಚಿನ ಭಾಗದಲ್ಲಿ. ಆಮೇಲಿನದು ಅಷ್ಟಾಗಿ ಕದಲುವುದಿಲ್ಲ, ಸುಮಾರು 14 ದಿನ. ಹೋಲಿಕೆಯನ್ನು ಒಬ್ಬಳದೇ ಚಕ್ರಗಳ ನಡುವೆ ಮಾಡಿ. ಹುಟ್ಟು ಗುಣ, ಪಿಸಿಓಎಸ್ (ಚಕ್ರ ಏರುಪೇರು ಮಾಡುವ ಅಂಡಾಶಯದ ತೊಂದರೆ) ಇಂಥವುಗಳ ಪ್ರಭಾವ ಹೋಲಿಕೆಯಿಂದ ತಾನಾಗಿಯೇ ಕಳೆದುಹೋಗುತ್ತದೆ.

ಇನ್ನು ‘ಪ್ರಯಾಣ’ ಅಂತ ಒಂದೇ ಕಾಲಂ ಇಟ್ಟರೆ ಏನೂ ತಿಳಿಯದು. ಇಡೀ ದಿನ ರೈಲಲ್ಲಿ ಸುತ್ತಿ ರಾತ್ರಿ ನೆಮ್ಮದಿಯಾಗಿ ಮಲಗಿದವಳನ್ನೂ ಎಂಟು ಟೈಮ್ ಝೋನ್ ದಾಟಿದವಳನ್ನೂ ಒಂದೇ ಮೂಟೆಗೆ ತುಂಬಿದಂತಾಗುತ್ತದೆ. ದಾಟಿದ ಝೋನ್ ಎಷ್ಟು, ಪೂರ್ವಕ್ಕೋ ಪಶ್ಚಿಮಕ್ಕೋ (ಪೂರ್ವಕ್ಕೆ ಹೋದಾಗ ದೇಹದ ಗಡಿಯಾರ ಹೊಂದಿಕೊಳ್ಳುವುದು ನಿಧಾನ), ಮನೆಯಲ್ಲಿದ್ದರೆ ನಿದ್ದೆ ಮಾಡುತ್ತಿದ್ದ ಹೊತ್ತಲ್ಲಿ ಎಷ್ಟು ಗಂಟೆ ದುಡಿದಳು, ಇವು ಬೇರೆ ಬೇರೆ ಇರಲಿ. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ, ಸುರಕ್ಷತೆಯ ಸಂಶೋಧನೆ ಮಾಡುವ ನಯಾಶ್ (NIOSH) ಸಂಸ್ಥೆಯವರು ಗಗನಸಖಿಯರ 840 ಗರ್ಭಧಾರಣೆಗಳನ್ನು ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎದ್ದು ಕಂಡದ್ದು ಈ ಕೊನೆಯ ಅಳತೆಯೇ: ಮೊದಲ ಮೂರು ತಿಂಗಳಲ್ಲಿ ನಿದ್ದೆಯ ಹೊತ್ತಿನಲ್ಲಿ 15 ಗಂಟೆ ಅಥವಾ ಹೆಚ್ಚು ಹಾರಿದವರಲ್ಲಿ ಗರ್ಭಪಾತ ಹೆಚ್ಚು. ಅವರು ನೆನಪನ್ನು ನಂಬಲಿಲ್ಲ, ಕಂಪನಿಯ ಹಾರಾಟದ ದಾಖಲೆ ತೆಗೆಸಿದರು. ನೀವೂ ರೋಸ್ಟರ್ (ಡ್ಯೂಟಿ ಪಟ್ಟಿ) ಕೇಳಿ.

ಉತ್ತರ 2: ಲ್ಯಾಬ್_ಲಲಿತಾ

ಮೈಶಾಖ ಬೇಡವೇ ಬೇಡ. ಅಂಡ ಬಿಡುಗಡೆಯ ನಂತರ ಹಿಡಿಯಬೇಕಾದ ಏರಿಕೆ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್. ನಿದ್ದೆ ಕೆಟ್ಟರೆ, ಏಳುವ ಹೊತ್ತು ಬದಲಾದರೆ ಅಷ್ಟು ಏರಿಳಿತ ಹಾಗೇ ಬರುತ್ತದೆ. ಅಂಡ ಬಿಡುಗಡೆಗೆ ಮುಂಚೆ ಏರುವ ಹಾರ್ಮೋನನ್ನು ಮೂತ್ರದಲ್ಲಿ ತೋರಿಸುವ ಎಲ್‌ಎಚ್ ಪಟ್ಟಿ ಬಳಸಿ, ಅದರ ಜೊತೆ ಪ್ರೊಜೆಸ್ಟೆರಾನ್‌ನ ಉಳಿಕೆಯಾದ ಪಿಡಿಜಿಯನ್ನೂ ಅಳೆಯಿರಿ. ಎಲ್‌ಎಚ್ ಏರಿದ ಮಾತ್ರಕ್ಕೆ ಅಂಡ ಹೊರಬಂದಿತು ಎಂದಲ್ಲ. ಬಂದಿದೆ ಎನ್ನುವುದಕ್ಕೆ ನಂತರದ ಪ್ರೊಜೆಸ್ಟೆರಾನ್ ಬೇಕು. ವಿಮಾನದ ಒಣಗಾಳಿಯಲ್ಲಿ ನೀರು ಕಮ್ಮಿ ಕುಡಿದರೆ ಮೂತ್ರ ಗಟ್ಟಿಯಾಗಿ ಹಾರ್ಮೋನಿನ ಅಂಕಿ ಸುಳ್ಳೇ ಮೇಲೇರುತ್ತದೆ, ಹಾಗಾಗಿ ಪ್ರತಿ ಮಾದರಿಯಲ್ಲೂ ಕ್ರಿಯಾಟಿನಿನ್ (ಮೂತ್ರ ಎಷ್ಟು ಗಟ್ಟಿ ಎಂದು ತೋರಿಸುವ ತ್ಯಾಜ್ಯ) ಅಳೆದು ಹಾರ್ಮೋನಿನ ಅಂಕಿಯನ್ನು ಅದರಿಂದ ಭಾಗಿಸಿ. ಹೋಟೆಲ್ ಕೋಣೆಯಲ್ಲಿ ಫ್ರೀಜರ್ ಎಲ್ಲಿಂದ ಬರಬೇಕು? ಫಿಲ್ಟರ್ ಕಾಗದಕ್ಕೆ ಅದ್ದಿ ಪೂರ್ತಿ ಒಣಗಿಸಿ, ತೇವ ಹೀರುವ ಪುಡಿಚೀಲದ ಜೊತೆ ಕವರಿಗೆ ಹಾಕಿದರೆ ನಡೆಯುತ್ತದೆ. ಒದ್ದೆ ಉಳಿದರೆ ಬೂಷ್ಟು ಹಿಡಿಯುತ್ತದೆ.

ತಾರೀಕು ಇನ್ನೊಂದು ಕಾಟ. ಅಂತರರಾಷ್ಟ್ರೀಯ ದಿನರೇಖೆ ದಾಟಿದರೆ ಫೋನು ತಾನೇ ದಿನ ಬದಲಿಸುತ್ತದೆ, 28 ದಿನದ ಚಕ್ರ 29 ಅಥವಾ 27 ಆಗುತ್ತದೆ. ಆ್ಯಪ್‌ನಲ್ಲಿ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ) ಸಮಯ ಮತ್ತು ಸ್ಥಳೀಯ ಸಮಯ ಎರಡೂ ಉಳಿಯಲಿ.

ಮಾತ್ರೆ ಬಗ್ಗೆ ಮಾತ್ರ ನೇರವಾಗಿ ಕೇಳಿ. ಪ್ರಯಾಣವಿದೆ ಅಂತ ಮುಟ್ಟು ಮುಂದೂಡಲು ನಾರೆಥಿಸ್ಟೆರಾನ್ 5 ಮಿ.ಗ್ರಾಂ ದಿನಕ್ಕೆ ಮೂರು ಸಲ ತೆಗೆದುಕೊಳ್ಳುವುದು ಮಾಮೂಲು. ನಿಲ್ಲಿಸಿದ ಎರಡು ಮೂರು ದಿನಕ್ಕೆ ರಕ್ತ ಬರುತ್ತದೆ, ಅಂದರೆ ಆ ಚಕ್ರದ ಉದ್ದ ನಿರ್ಧರಿಸಿದ್ದು ಮಾತ್ರೆ. ‘ಗರ್ಭನಿರೋಧಕ ಬಳಸುತ್ತೀರಾ’ ಎಂದು ಕೇಳಿದರೆ ಇಂಥವರು ‘ಇಲ್ಲ’ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ‘ಮುಟ್ಟು ಮುಂದೂಡಲು ಏನಾದರೂ ತೆಗೆದುಕೊಂಡಿರಾ’ ಎಂದೇ ಕೇಳಬೇಕು.

ಉತ್ತರ 3: ಸರಾಸರಿ ಸುಬ್ಬ

ಗರ್ಭ ನಿಲ್ಲುವ ವಿಷಯ ಬಿಟ್ಟುಹೋಗಿತ್ತು. ಗರ್ಭ ನಿಲ್ಲಬಹುದಾದ ದಿನಗಳು ಚಕ್ರಕ್ಕೆ ಆರೇ, ಅಂಡ ಬಿಡುಗಡೆಯ ದಿನಕ್ಕೆ ಮುಗಿಯುವ ಆರು ದಿನ. ಆ ವಾರ ಅವಳು ಊರಲ್ಲೇ ಇಲ್ಲದಿದ್ದರೆ ಗರ್ಭ ಎಲ್ಲಿಂದ ನಿಲ್ಲಬೇಕು? ಹಾರ್ಮೋನಿನ ತಪ್ಪೇನಿಲ್ಲ. ದಂಪತಿ ಯಾವ ಯಾವ ರಾತ್ರಿ ಒಂದೇ ಕಡೆ ಇದ್ದರು ಎಂದು ಡೈರಿಯಲ್ಲಿ ದಿನವೂ ಒಂದು ಗುರುತು ಹಾಕಿಸಿ. ಅದಿಲ್ಲದೆ ಬರುವ ‘ಪ್ರಯಾಣದಿಂದ ಫಲವಂತಿಕೆ ಕಮ್ಮಿ’ ಎಂಬ ತೀರ್ಮಾನಕ್ಕೆ ಅರ್ಥವಿಲ್ಲ.

ಮಕ್ಕಳಾದವರು ಇಂಥ ಕೆಲಸ ಬಿಡುವುದು ಹೆಚ್ಚು, ಆಗದವರು ಉಳಿಯುತ್ತಾರೆ. ಈಗ ಕೆಲಸದಲ್ಲಿ ಇರುವವರನ್ನಷ್ಟೇ ಆರಿಸಿದರೆ ಕೆಲಸವೇ ಬಂಜೆತನ ತಂದಂತೆ ಕಾಣುತ್ತದೆ. ಬಿಟ್ಟುಹೋದವರನ್ನೂ ಹುಡುಕಿ ಸೇರಿಸಿ.

ದತ್ತಾಂಶಪ್ರಿಯೆ

ಗರ್ಭಪಾತವನ್ನೂ ಎಣಿಸಬಹುದೇ? ರೋಸ್ಟರ್ ಕೇಳಲು ಕಂಪನಿಗೆ ಹೆಸರು ಕೊಡಬೇಕಾಗುತ್ತದಲ್ಲ?

ಉತ್ತರ 4: ಲ್ಯಾಬ್_ಲಲಿತಾ

200 ಮಂದಿ, ಆರು ತಿಂಗಳು ಅಂದರೆ ಗರ್ಭಿಣಿಯಾಗುವವರೇ ಬೆರಳೆಣಿಕೆ. ಗರ್ಭಪಾತಕ್ಕೆ ಲೆಕ್ಕ ಸಾಲದು, ಅದನ್ನು ಪ್ರೋಟೋಕಾಲ್‌ನಿಂದ ತೆಗೆಯಿರಿ. ಎಣಿಸಲೇಬೇಕೆಂದರೆ ಎಚ್‌ಸಿಜಿ (ಬಸಿರಿನ ಹಾರ್ಮೋನ್) ಪರೀಕ್ಷೆ ಎಲ್ಲರಿಗೂ ಒಂದೇ ದಿನಕ್ರಮದಲ್ಲಿ ಆಗಬೇಕು. ಬೇಗ ಬೇಗ ಪರೀಕ್ಷಿಸಿಕೊಂಡವಳ ಲೆಕ್ಕದಲ್ಲಷ್ಟೇ ತೀರಾ ಆರಂಭದ ನಷ್ಟಗಳು ಕಾಣುತ್ತವೆ.

ರೋಸ್ಟರನ್ನು ಕಂಪನಿಯಿಂದ ತರಿಸಬೇಡಿ, ಅವಳೇ ಡೌನ್‌ಲೋಡ್ ಮಾಡಿ ಕಳಿಸಲಿ. ಬಸಿರಿನ ಸುದ್ದಿ ಅವಳು ಹೇಳುವ ಮುಂಚೆ ಮೇಲಧಿಕಾರಿಗೆ ಗೊತ್ತಾದರೆ ಹಾರಾಟದ ಭತ್ಯೆ ತಪ್ಪಬಹುದು. ಹೆಸರು ಮತ್ತು ಕೋಡ್ ಹೊಂದಿಸುವ ಪಟ್ಟಿಯನ್ನು ಮಾದರಿಗಳ ಕಡತದಿಂದ ಬೇರೆ ಕಂಪ್ಯೂಟರಿನಲ್ಲಿಡಿ. ಕಾಗದದ ಕವರಿನ ಮೇಲೆ ಕೋಡ್ ಮಾತ್ರ.