ತಾವರಿ-ಗುಲಾಬಿ ಅತ್ತರ: ಒಬ್ಬೊಬ್ಬರ ಮೈಮ್ಯಾಲ ಒಂದೊಂದು ವಾಸನಿ ಯಾಕ?

ಪ್ರಶ್ನೆ (ಹುಬ್ಬಳ್ಳಿ): ಒಂದ ಸೀಸೆದಾಗಿನ ಎಣ್ಣಿ. ಅಕ್ಕಗ ಹಚ್ಚಿದ್ರ ಸಂಜಿತನಕ ಗುಲಾಬಿ, ತಂಗಿಗೆ ತಾಸಿನೊಳಗ ಬರೇ ಗಂಧದ ವಾಸನಿ. ಎಣ್ಣಿ ಕೆಟ್ಟೈತೇನ್ರಿ?

ಉತ್ತರ (ಗದಗ): ಕೆಟ್ಟಿಲ್ರಿ. ತಾವರಿ, ಗುಲಾಬಿ ವಾಸನಿ ಹಗುರ, ಮೊದಲ ಹಾರತಾವ. ಕಡೀಕ ಉಳಿಯೋದು ಅತ್ತರಕ್ಕ ಬುನಾದಿಯಾಗಿ ಹಾಕಿರೋ ಶ್ರೀಗಂಧದೆಣ್ಣಿ. ಒಣ ಚರ್ಮದಾಗ, ಅದರಾಗೂ ಏಪ್ರಿಲ್ ಬಿಸಲಾಗ, ಇದೆಲ್ಲಾ ಲಗೂನ ಆಗತೈತಿ. ಜಳಕಾದ ಮ್ಯಾಲ ವಾಸನಿ ಇಲ್ಲದ ವ್ಯಾಸಲೀನ್ ಕಡ್ಲಿಕಾಳಿನಷ್ಟು ಸವರಿ, ಅದರ ಮ್ಯಾಲ 1 ಹನಿ ಇಡ್ರಿ. ಮಣಿಕಟ್ಟು ತಿಕ್ಕಬ್ಯಾಡ್ರಿ, ಬಿಸಿಗೆ ಮ್ಯಾಲಿನ ಪರಿಮಳ ಹೋಗಿಬಿಡತೈತಿ.

ಉತ್ತರ (ಧಾರವಾಡ): ತಂಗಿ ಗಂಧದ ಸೋಪು ಹಚ್ಚತಾರೇನು, ಅದನ್ನೂ ಕೇಳ್ರಿ. ಖಾತ್ರಿಗೆ ಹತ್ತಿ ಕರವಸ್ತ್ರಕ್ಕ 1 ಹನಿ ಹಾಕಿ 10 ನಿಮಿಷ, 1 ತಾಸು, 4 ತಾಸಿಗೆ ಮೂಸಿ ನೋಡ್ರಿ. ಅರಿವಿ ಮ್ಯಾಲೂ ಕಮಟು ಬಂದ್ರ ಮಾತ್ರ ಎಣ್ಣೀದ ದೋಷ.

ಉತ್ತರ (ಹಾವೇರಿ): ಹಚ್ಚಿಕೊಂಡವರ ಮೂಗು ರೂಢಿಯಾಗಿರತೈತಿ. ಬ್ಯಾರೆಯವರ ಕಡೆ ಮೂಸಸ್ರಿ.